ಕ್ರೊನ್‌ಬೋರ್ಗ್‌ಗೆ ಅರ್ಧ ಗಂಟೆ ಸಾಲದು
ಡೆನ್ಮಾರ್ಕಿನ ಕ್ರೊನ್‌ಬೋರ್ಗ್ ಕೋಟೆಯನ್ನು ಹೊರಗಿಂದ ನೋಡಿದರೆ ಸಾಕು, ಅರ್ಧ ಗಂಟೆ ಧಾರಾಳ ಅಂತ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಆ ಕೋಟೆಯ ಜೀವ ಇರುವುದೇ ನೆಲದಡಿಯ ಕತ್ತಲೆ ಓಣಿಗಳಲ್ಲಿ. ಬೇಸಿಗೆಯಲ್ಲೂ ಅಲ್ಲಿ ಥಂಡಿ, ಬೆಳಕು ಕಮ್ಮಿ. ಆ ಮಬ್ಬಿನಲ್ಲಿ ಗಡ್ಡ ಇಳಿಬಿಟ್ಟು, ಕೈಕಟ್ಟಿ, ಕೂತಲ್ಲೇ ನಿದ್ದೆಹೋದ ವೀರ ಹೋಲ್ಗರ್ ದಾನ್ಸ್ಕೆಯ ದೊಡ್ಡ ಮೂರ್ತಿ ಇದೆ. ದೇಶಕ್ಕೆ ಆಪತ್ತು ಬಂದರೆ ಎದ್ದು ಬರುತ್ತಾನೆ ಅನ್ನುವುದು ಅಲ್ಲಿನ ಐತಿಹ್ಯ. ಅವನೆದುರು ನಮ್ಮ ಮಕ್ಕಳು ತಾವಾಗಿಯೇ ಪಿಸುಮಾತಿಗೆ ಇಳಿದಿದ್ದರು. ಮೇಲೆ 62 ಮೀಟರ್ ಉದ್ದದ ನೃತ್ಯದ ಸಭಾಂಗಣ ಬೇರೆ. ಆಮೇಲೆ ಸಮುದ್ರದ ಕಡೆ ಬಂದು ನಿಲ್ಲಿ. ಆಚೆ ದಡದ ಸ್ವೀಡನ್ ಬರೀ 4 ಕಿಲೋಮೀಟರ್! 1857ರವರೆಗೂ ಹಾಯುವ ಹಡಗುಗಳಿಂದ ಸುಂಕ ಹೇಗೆ ವಸೂಲಿ ಮಾಡಿದರು ಅಂತ ಅಲ್ಲಿ ನಿಂತರೇನೇ ಅರ್ಥವಾಗೋದು. ಟಿಕೆಟ್ ದುಬಾರಿ, ನಿಜ. ಆದರೂ ಅರ್ಧ ದಿನ ಇಟ್ಟುಕೊಂಡೇ ಹೋಗಿ.