ಒಂದಕ್ಕೆ ಹತ್ತು ಸಸಿ: ಲೆಕ್ಕಕ್ಕುಂಟು, ನೆರಳಿಗಿಲ್ಲ

ಒಂದು ಮರ ಕಡಿದರೆ ಹತ್ತು ಸಸಿ ನೆಡಬೇಕು. ಬಹಳಷ್ಟು ನಗರಸಭೆಗಳ ಮರ ನಿಯಮದಲ್ಲಿ ಇಂಥದ್ದೊಂದು ಸಾಲು ಇದ್ದೇ ಇರುತ್ತದೆ. ಕೆಲವು ಕಡೆ ಎರಡು, ಕೆಲವು ಕಡೆ ಹತ್ತು, ಅಷ್ಟೇ ವ್ಯತ್ಯಾಸ. ಕೇಳೋಕೆ ಧಾರಾಳವಾಗಿದೆ. ಮರಗಳನ್ನು ಕೊಲ್ಲುತ್ತಿರುವುದೇ ಈ ಲೆಕ್ಕ ಅಂತ ನನಗೆ ಅನ್ನಿಸುತ್ತದೆ.

ನೆರಳು, ತಂಪು, ಮಳೆನೀರು ತಡೆಯೋದು, ಇವೆಲ್ಲ ಎಲೆಯ ಕೆಲಸ. ಮೊಳದುದ್ದದ ಹತ್ತು ಸಸಿಗಳ ಎಲೆ ಒಟ್ಟು ಹಾಕಿದರೂ ಹಳೇ ಮರದ ಒಂದು ಕೊಂಬೆಗೆ ಸಾಟಿಯಾಗುವುದಿಲ್ಲ.

ಇಂಗ್ಲೆಂಡಿನ ಶೆಫೀಲ್ಡ್ ಕಥೆ ನೋಡಿ. 2012ರಲ್ಲಿ ಅಲ್ಲಿನ ಕೌನ್ಸಿಲ್, ಅಂದರೆ ನಗರಾಡಳಿತ, ರಸ್ತೆ ರಿಪೇರಿಗೆ 25 ವರ್ಷದ ಗುತ್ತಿಗೆ ಕೊಟ್ಟಿತು. ಊರಲ್ಲಿದ್ದ ಬೀದಿ ಮರಗಳು ಸುಮಾರು 36,000. ಅದರಲ್ಲಿ 17,500 ಮರಗಳನ್ನು ತೆಗೆದು ಹೊಸದು ನೆಡಬೇಕು ಅನ್ನುವ ಸಂಖ್ಯೆ ಕರಾರಿನಲ್ಲೇ ಇತ್ತು. ಬೇರು ಫುಟ್‌ಪಾತ್ ಎತ್ತಿದೆ ಅಂತ ಗಟ್ಟಿಮುಟ್ಟಾದ ಮರಗಳಿಗೂ ಗರಗಸ ಬಿತ್ತು. 2016ರ ನವೆಂಬರ್‌ನಲ್ಲಿ ರಸ್ಟ್ಲಿಂಗ್ಸ್ ರೋಡ್‌ನಲ್ಲಿ ನಸುಕಿನ ಐದು ಗಂಟೆಗೆ ಪೊಲೀಸರ ಜೊತೆ ಬಂದು ಮರ ಕಡಿದರು. ಅಡ್ಡ ನಿಂತ ವಯಸ್ಸಾದ ಹೆಂಗಸರನ್ನೂ ಬಂಧಿಸಿದರು. 2018ರಲ್ಲಿ ಕಡಿಯೋದು ನಿಂತಿತು. ಅಷ್ಟರಲ್ಲಿ 5,000ಕ್ಕೂ ಜಾಸ್ತಿ ಮರ ಹೋಗಿದ್ದವು. ಕೌನ್ಸಿಲ್ ಜನರನ್ನೂ ಕೋರ್ಟನ್ನೂ ದಾರಿ ತಪ್ಪಿಸಿತ್ತು ಅಂತ 2023ರ ವಿಚಾರಣಾ ವರದಿ ಹೇಳಿತು. ತಮಾಷೆ ಏನು ಗೊತ್ತಾ? ಒಂದಕ್ಕೆ ಒಂದು ಸಸಿ ನೆಡುವ ಕರಾರು ಇದ್ದಿದ್ದರಿಂದ, ಕಾಗದದ ಮೇಲೆ ಒಂದು ಮರವೂ ಕಮ್ಮಿಯಾಗಲಿಲ್ಲ!

ಇದು ಕಡಿದವರ ಕಥೆ. ಕಡಿಯದೇ ಕೊಲ್ಲುವವರದು ಇನ್ನೊಂದು. ಕೇಬಲ್‌ಗೋ ಪೈಪಿಗೋ ಬುಡದ ಪಕ್ಕ ಅಗೆಯುತ್ತಾರೆ. ಬೇರಿನ ಬಹುಪಾಲು ಇರುವುದೇ ಮೇಲಿನ ಎರಡಡಿ ಮಣ್ಣಿನಲ್ಲಿ. ಅದು ಅಡ್ಡಡ್ಡ ಹರಡುತ್ತದೆ, ಕೊಂಬೆ ಚಾಚಿದ್ದಕ್ಕಿಂತ ದೂರ ಹೋಗುತ್ತದೆ. ಜೆಸಿಬಿ ಹಲ್ಲಿಗೆ ಸಿಕ್ಕಿ ತೋಳುದಪ್ಪದ ಬೇರು ಸಿಗಿದು ಮೇಲೆ ಬರುತ್ತದೆ. ಮಣ್ಣು ಮುಚ್ಚಿ ಹೋಗುತ್ತಾರೆ. ಮರ ಅವತ್ತೇ ಸಾಯುವುದಿಲ್ಲ. ಒಂದೆರಡು ಬೇಸಿಗೆಯಲ್ಲಿ ತುದಿ ಕೊಂಬೆಗಳು ಬೋಳಾಗುತ್ತವೆ, ಆಮೇಲೆ ಯಾವುದೋ ಗಾಳಿಮಳೆಗೆ ಬುಡಸಮೇತ ಉರುಳುತ್ತದೆ. ‘ಹಳೇ ಮರ, ಬಿತ್ತು’ ಅಂತ ಷರಾ ಬರೆದು ಫೈಲ್ ಮುಚ್ಚುತ್ತಾರೆ. ಯಾರೂ ಕಡಿದಿಲ್ಲವಲ್ಲ, ಹಾಗಾಗಿ ಆ ಹತ್ತು ಸಸಿಯೂ ಇಲ್ಲ.

ಬ್ರಿಟನ್ನಿನಲ್ಲಿ ಕಾಮಗಾರಿಗೆ ಬಿಎಸ್ 5837 ಅನ್ನುವ ಮಾನದಂಡ ಇದೆ. ಕಾಂಡದ ಅಗಲದ 12 ಪಟ್ಟು ದೂರದವರೆಗಿನ ನೆಲ ಮರದ್ದು ಅಂತ ಅದರ ಲೆಕ್ಕ. 50 ಸೆಂ.ಮೀ. ಅಗಲದ ಕಾಂಡಕ್ಕೆ ಸುತ್ತ 6 ಮೀಟರ್. ಅದರೊಳಗೆ ಅಗೆಯುವಂತಿಲ್ಲ, ಜಲ್ಲಿ ಸುರಿಯುವಂತಿಲ್ಲ, ಲಾರಿ ನಿಲ್ಲಿಸುವಂತಿಲ್ಲ. ಇಕ್ಕಟ್ಟು ರಸ್ತೆಯಲ್ಲಿ ಇಷ್ಟು ಜಾಗ ಎಲ್ಲಿಂದ ಬರಬೇಕು ಅಂತೀರಾ? ನಿಜ. ಅಲ್ಲಿ ಕೈಯಿಂದ ಅಗೆದು, ದಪ್ಪ ಬೇರು ಉಳಿಸಿಕೊಂಡು, ಅದರ ಅಡಿಯಿಂದ ಪೈಪ್ ತೂರಿಸಬಹುದು. ಖರ್ಚು ಜಾಸ್ತಿ, ನಿಧಾನ. ಆಗಲಿ ಬಿಡಿ.

ಪೊಳ್ಳಾಗಿ ಜನರ ಮೇಲೆ ಬೀಳುವ ಹಾಗಿರುವ ಮರ ಕಡಿಯಲೇಬೇಕು, ಅದಕ್ಕೆ ನನ್ನ ತಕರಾರಿಲ್ಲ.

ಬೇರೆ ಯಾವುದೇ ಕಾರಣಕ್ಕೆ ಕಡಿದರೆ ಮರದ ಬೆಲೆ ಕಟ್ಟಿಸಬೇಕು. ಸೌದೆಯ ಬೆಲೆ ಅಲ್ಲ. ಮೆಲ್ಬರ್ನ್ ನಗರಾಡಳಿತ ತನ್ನ ಮರ ತೆಗೆಸಬೇಕಾದವರಿಂದ ಕಡಿಯುವ ಖರ್ಚಿನ ಜೊತೆಗೆ ಆ ಮರ ಊರಿಗೆ ಕೊಡುತ್ತಿದ್ದ ಉಪಯೋಗದ ಬೆಲೆಯನ್ನೂ ವಸೂಲಿ ಮಾಡುತ್ತದೆ. ದುಡ್ಡು ಬಿಚ್ಚಬೇಕು ಅಂದಾಗ ಎಷ್ಟೋ ನಕ್ಷೆಗಳು ತಾನಾಗೇ ಒಂದಡಿ ಪಕ್ಕಕ್ಕೆ ಸರಿಯುತ್ತವೆ, ಅಲ್ವಾ?

ಇನ್ನು ಸಸಿ. ಒಂದೇ ಜಾತಿಯದನ್ನು ಸಾಲಾಗಿ ನೆಟ್ಟರೆ ಒಂದು ರೋಗಕ್ಕೆ ಇಡೀ ಬೀದಿ ಬೋಳು. ಎಲ್ಮ್ ಅನ್ನುವ ಮರಕ್ಕೆ ತಗಲುವ ಡಚ್ ಎಲ್ಮ್ ರೋಗ ಯುರೋಪ್, ಅಮೆರಿಕದ ಬೀದಿಗಳಲ್ಲಿ ಅದನ್ನೇ ಮಾಡಿತು. ನೆಟ್ಟ ಸಸಿಯ ಬುಡ ಬಗ್ಗಿ ನೋಡಿ. ಬೇರು ಶುರುವಾಗುವ ಕಡೆ ಕಾಂಡ ಸ್ವಲ್ಪ ಅಗಲವಾಗಿ ಹರಡಿರಬೇಕು, ಅದು ಮಣ್ಣಿನ ಮೇಲೆ ಕಾಣಬೇಕು. ಕಂಬ ಹೂತ ಹಾಗೆ ನೆಟ್ಟಗೆ ನಿಂತಿದ್ದರೆ ಆಳಕ್ಕೆ ಹೂತಿದ್ದಾರೆ ಅಂತ ಅರ್ಥ. ಆಸರೆಗೆ ಕಟ್ಟಿದ ತಂತಿ ಬಿಚ್ಚುವವರಿಲ್ಲದೆ ತೊಗಟೆಯೊಳಗೆ ಇಳಿದಿರುತ್ತದೆ. ನೀರಂತೂ ಫೋಟೋ ತೆಗೆದ ದಿನ ಹಾಕಿದ್ದೇ ಕೊನೆ.

ಸಸಿ ನೆಡುವ ಗುತ್ತಿಗೆದಾರರಿಗೆ ಗುಂಡಿ ಎಣಿಸಿ ಬಿಲ್ ಪಾಸ್ ಮಾಡಿದರೆ ಗುಂಡಿಗಳೇ ಸಿಗುತ್ತವೆ. ಅರ್ಧ ದುಡ್ಡು ತಡೆಹಿಡಿದು, ಮೂರನೇ ಬೇಸಿಗೆ ಕಳೆದ ಮೇಲೆ ಚಿಗುರಿ ನಿಂತಿರುವ ಗಿಡಗಳಿಗೆ ಮಾತ್ರ ಕೊಡಿ. ನೀರಿನ ಟ್ಯಾಂಕರ್ ದಾರಿ ಕೇಳಿಕೊಂಡು ಬರುತ್ತದೆ.