ತಮಾಷೆಗೆ ಬರೆದದ್ದು ಮಾರ್ಚಿಗೇ ಬಂತು

ಸರ್ವರ್ ಕೈಕೊಟ್ಟ ರಾತ್ರಿ ಹಾಸಿಗೆ ತಾನಾಗಿ ಕಾದು ಮಲಗಿದವರನ್ನು ಎಬ್ಬಿಸುತ್ತದೆ. ಮುಂದಿನ ವರ್ಷದ ಟೆಕ್ ಭವಿಷ್ಯ ಅಂತ ಇದನ್ನು ತಮಾಷೆಗೆ ಬರೆದು ನೋಡಿ, ಯಾರೂ ನಗುವುದಿಲ್ಲ. "ಆಗಲೇ ಆಗಿದೆಯಲ್ಲ ಸಾರ್" ಅಂತಾರೆ. ಅವರ ಮಾತು ಸರಿ. 2025ರ ಅಕ್ಟೋಬರ್ 20ರಂದು ಅಮೆಜಾನ್‌ನ ಕ್ಲೌಡ್ ಸೇವೆ (ಬೇರೆ ಕಂಪನಿಗಳಿಗೆ ಇಂಟರ್‌ನೆಟ್ ಮೂಲಕ ಸರ್ವರ್ ಬಾಡಿಗೆಗೆ ಕೊಡುವ ವ್ಯವಸ್ಥೆ) ಕೆಟ್ಟಾಗ ಅಮೆರಿಕದ ಎಯ್ಟ್ ಸ್ಲೀಪ್ ಎಂಬ ಕಂಪನಿಯ ಸ್ಮಾರ್ಟ್ ಹಾಸಿಗೆಗಳು ಅಪ್ಪಣೆಗಾಗಿ ಕಾಯುತ್ತ ಉಳಿದವು. ಕೆಲವರದ್ದು ಬಿಸಿಯಲ್ಲೇ ನಿಂತಿತು, ಕೆಲವರದ್ದು ತಲೆಯ ಕಡೆ ಎತ್ತಿಕೊಂಡೇ ನಿಂತಿತು. ಇಂಟರ್‌ನೆಟ್ ಇಲ್ಲದೆ ಹಾಸಿಗೆ ನಡೆಸುವ ವ್ಯವಸ್ಥೆಯನ್ನು ಕಂಪನಿ ಕೂಡಿಸಿದ್ದು ಇದಾದ ಮೇಲೆ.

ಹುಸಿ ಭವಿಷ್ಯ ಬರೆಯುವವರ ಕಷ್ಟ ಇರುವುದೇ ಇಲ್ಲಿ. ಉತ್ಪ್ರೇಕ್ಷೆ ಎಷ್ಟೇ ಜೋರಾಗಿ ಓಡಿದರೂ ಉತ್ಪನ್ನ ವಿಭಾಗದವರು ಮುಂದಿನ ಸ್ಟಾಪಿನಲ್ಲಿ ಹತ್ತಿಕೊಳ್ಳುತ್ತಾರೆ. 2004ರ ಫೆಬ್ರವರಿಯಲ್ಲಿ ಅಮೆರಿಕದ ವಿಡಂಬನ ಪತ್ರಿಕೆ ದಿ ಆನಿಯನ್, ರೇಜರ್ ಕಂಪನಿಗಳ ಪೈಪೋಟಿಯನ್ನು ಗೇಲಿ ಮಾಡಲು ಐದು ಬ್ಲೇಡಿನ ರೇಜರನ್ನು ಕಲ್ಪಿಸಿತು. 2006ರಲ್ಲಿ ಜಿಲೆಟ್ ಐದು ಬ್ಲೇಡಿನದನ್ನು ಅಂಗಡಿಗೇ ತಂದಿತು. ಹಿಂಬದಿಗೆ ಇನ್ನೊಂದು ಬ್ಲೇಡ್ ಬೇರೆ. ಅದು ವಿಡಂಬನಕಾರರಿಗೂ ಹೊಳೆದಿರಲಿಲ್ಲ.

ಆದ್ದರಿಂದ ಬರೆಯುವಾಗ ಅಳತೆ ಮುಖ್ಯ. ಈ ವರ್ಷ ನಿಜವಾಗಿ ಮಾರಾಟವಾದ ಒಂದು ವಸ್ತು ಹಿಡಿಯಿರಿ, ಅದರ ಒಂದೇ ಒಂದು ಗುಣವನ್ನು ಹಿಗ್ಗಿಸಿ. ಎರಡು ಹಿಗ್ಗಿಸಿದರೆ ಓದುಗ ಎರಡನೇ ಸಾಲಿಗೇ ಹೊರಟುಹೋಗುತ್ತಾನೆ. ಉದಾಹರಣೆಗೆ ಸ್ಮಾರ್ಟ್ ಕುಕ್ಕರ್: ಮೂರು ವಿಷಲ್ ಉಚಿತ, ನಾಲ್ಕನೆಯದಕ್ಕೆ ತಿಂಗಳಿಗೆ 49 ರೂಪಾಯಿ ಚಂದಾ. ಇಷ್ಟೇ ಸಾಕು. ಕುಕ್ಕರ್ ಹಾಡುತ್ತದೆ, ಹಾರುತ್ತದೆ ಅಂತ ಸೇರಿಸಿದಿರೋ, ಕೆಟ್ಟಿತು.

ಹೀಗೆ ಹದವಾಗಿ ಬರೆದರೂ ಬರುವ ಉತ್ತರಗಳು ನೋಡಿ. "ವರ್ಷದ ಪ್ಲಾನ್ ತಗೊಂಡ್ರೆ ಎಷ್ಟು ಬೀಳುತ್ತೆ?" ಅಂತ ಒಬ್ಬರು. "ತೊಗರಿಬೇಳೆಯನ್ನು ಅರ್ಧ ಗಂಟೆ ನೆನೆಹಾಕಿದರೆ ಮೂರಕ್ಕೇ ಬೇಯುತ್ತೆ, ಚಂದಾ ಯಾಕ್ರೀ?" ಅಂತ ಇನ್ನೊಬ್ಬರು. ಮೂರನೆಯವರು ಇಂಜಿನಿಯರ್. "ಅಗ್ಗದ ಸ್ಮಾರ್ಟ್ ಉಪಕರಣಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯೋದು. ನಿಮ್ಮ ಫೋನ್ 5 ಗಿಗಾಹರ್ಟ್ಸ್‌ನಲ್ಲಿದ್ರೆ ಮೊದಲ ಸಲ ಜೋಡಿಸುವಾಗಲೇ ತಕರಾರು. ಅಲ್ಲದೆ ವಿಷಲ್ ಎಣಿಸಲು ವೈಫೈ ಏಕೆ, ಒಂದು ಮೈಕ್ ಸಾಕು." ಇವರ ಮಾತಿನಲ್ಲಿ ಒಂದಕ್ಷರ ತಪ್ಪಿಲ್ಲ ಎನ್ನುವುದೇ ದೊಡ್ಡ ಸಂಕಟ. ಜೋಕಿಗೆ ಬಿಡಿಭಾಗ ಜೋಡಿಸಿ ಓಡಿಸಿಯೇಬಿಡುತ್ತಾರೆ.

ಚಂದಾ ಅಂದರೂ ಜನ ನಗದಿರಲು ಕಾರಣವಿದೆ. 2022ರಲ್ಲಿ ಬಿಎಂಡಬ್ಲ್ಯು ಕೆಲವು ದೇಶಗಳಲ್ಲಿ ಸೀಟು ಬಿಸಿ ಮಾಡಿಕೊಳ್ಳಲು ತಿಂಗಳಿಗೆ ಸುಮಾರು 18 ಡಾಲರ್ ಇಟ್ಟಿತ್ತು. ಸೀಟು ಕಾಯಿಸುವ ಸಾಮಗ್ರಿ ಕಾರಿನೊಳಗೆ ಮೊದಲೇ ಕೂತಿತ್ತು. ದುಡ್ಡು ಕೊಟ್ಟರೆ ಸಾಫ್ಟ್‌ವೇರ್ ಅದರ ಬೀಗ ತೆಗೆಯುತ್ತಿತ್ತು. ಮರುವರ್ಷ ಕಂಪನಿ ಕೈಬಿಟ್ಟಿತು, ಸರಿ. ಆದರೆ ಓದುಗರ ನಂಬಿಕೆಯ ಮಟ್ಟ ಒಮ್ಮೆ ಏರಿತೆಂದರೆ ಕೆಳಗಿಳಿಯುವುದಿಲ್ಲ.

ಇನ್ನು ಫಾರ್ವರ್ಡ್. ಮೇಲೆ ದಪ್ಪಕ್ಷರದಲ್ಲಿ "ವಿಡಂಬನೆ" ಅಂತ ಹಾಕಿರುತ್ತೀರಿ. ಸ್ಕ್ರೀನ್‌ಶಾಟ್ ತೆಗೆಯುವವರು ಮೊದಲು ಕತ್ತರಿಸುವುದೇ ಅದನ್ನು. ಗುರುತು ವಾಕ್ಯದ ಒಳಗೇ ಇರಬೇಕು. ಫೆಬ್ರವರಿ 30ರಂದು ಬಿಡುಗಡೆ ಅಂತ ಬರೆದರೆ ಸಾಮಾನ್ಯವಾಗಿ ಸಾಕು, ಆದರೂ "ಮುಂದಿನ ಸಲ ಅಧಿಕ ಮಾಸವಾ?" ಎಂದು ಕೇಳುವವರು ಇದ್ದೇ ಇರುತ್ತಾರೆ. 2016ರ ನವೆಂಬರಿನಲ್ಲಿ 2000 ರೂಪಾಯಿ ನೋಟಿನಲ್ಲಿ ಚಿಪ್ ಇದೆ, ನೆಲದಡಿ 120 ಮೀಟರ್ ಹೂತಿಟ್ಟರೂ ಉಪಗ್ರಹಕ್ಕೆ ತಿಳಿಯುತ್ತದೆ ಎಂಬ ಸುದ್ದಿ ವಾಟ್ಸ್ಯಾಪ್ ಸುತ್ತಿ ಕೆಲವು ಟೀವಿ ವಾಹಿನಿಗಳನ್ನೂ ಮುಟ್ಟಿತ್ತು. ಬ್ಯಾಟರಿಯಿಲ್ಲದ, ಕಾಗದದಷ್ಟು ತೆಳ್ಳನೆಯ ಚಿಪ್ಪು ಅಷ್ಟು ಮಣ್ಣು ದಾಟಿ ಸಂಕೇತ ಕಳಿಸುವುದು ಹೇಗೆಂದು ಕೇಳುವ ಪುರುಸೊತ್ತು ಯಾರಿಗಿತ್ತು, ಎಲ್ಲರೂ ಎಟಿಎಂ ಸಾಲಿನಲ್ಲಿದ್ದರು.

ಈಚೆಗೆ ಹೊಸ ಬಗೆಯ ಓದುಗ ಬೇರೆ ಸೇರಿಕೊಂಡಿದ್ದಾನೆ. ಇವನಿಗೆ ನಗುವುದೂ ಗೊತ್ತಿಲ್ಲ, ಮರೆಯುವುದೂ ಗೊತ್ತಿಲ್ಲ. 2024ರ ಮೇ ತಿಂಗಳಲ್ಲಿ ಗೂಗಲ್‌ನ ಎಐ, ಪಿಜ್ಜಾದ ಚೀಸ್ ಜಾರದಿರಲು ಸಾಸ್‌ಗೆ ಎಂಟನೇ ಒಂದು ಕಪ್ ಅಂಟು ಬೆರೆಸಿ ಎಂದು ಸಲಹೆ ಕೊಟ್ಟಿತು. ಮೂಲ ಹುಡುಕಿದರೆ, ರೆಡ್ಡಿಟ್ ಎಂಬ ಹರಟೆ ತಾಣದಲ್ಲಿ ಯಾರೋ ಅದಕ್ಕೂ 11 ವರ್ಷದ ಹಿಂದೆ ಮಾಡಿದ ಚೇಷ್ಟೆ. ದಿನಕ್ಕೆ ಒಂದು ಚಿಕ್ಕ ಕಲ್ಲು ತಿನ್ನಿ ಎಂಬ ಇನ್ನೊಂದು ಸಲಹೆಯ ಮೂಲ ಮೇಲೆ ಹೇಳಿದ ಅದೇ ಆನಿಯನ್. ಹಾಗಾಗಿ ತಿನ್ನುವ, ಕುಡಿಯುವ, ಮೈಗೆ ಹಚ್ಚುವ ವಸ್ತುಗಳ ಬಗ್ಗೆ ಜೋಕು ಬರೆಯುವಾಗ ಚಮಚದ ಲೆಕ್ಕ ಕೊಡಬೇಡಿ. ಯಂತ್ರಕ್ಕೆ ಅಳತೆ ಕಂಡರೆ ಎಲ್ಲಿಲ್ಲದ ಗೌರವ.

ನಿಜ ಹೇಳಬೇಕೆಂದರೆ, ಗಂಭೀರವಾಗಿ ನುಡಿದ ಭವಿಷ್ಯಗಳ ಮುಂದೆ ಈ ತಮಾಷೆಗಳೆಲ್ಲ ಸಪ್ಪೆ. ಕಂಪ್ಯೂಟರ್‌ಗಳನ್ನು ತಂತಿಯಿಂದ ಜೋಡಿಸುವ ಈಥರ್ನೆಟ್ ಕಂಡುಹಿಡಿದವರಲ್ಲಿ ಒಬ್ಬರಾದ ಬಾಬ್ ಮೆಟ್‌ಕಾಫ್ 1995ರಲ್ಲಿ ತಮ್ಮ ಅಂಕಣದಲ್ಲಿ ಬರೆದರು: 1996ರಲ್ಲಿ ಇಂಟರ್‌ನೆಟ್ ಕುಸಿದುಬೀಳುತ್ತದೆ. ಇಲ್ಲದಿದ್ದರೆ ಬರೆದದ್ದನ್ನು ತಿನ್ನುತ್ತೇನೆ ಎಂದು ಮಾತನ್ನೂ ಕೊಟ್ಟರು. ಬೀಳಲಿಲ್ಲ. 1997ರ ಸಮ್ಮೇಳನವೊಂದಕ್ಕೆ ಅಂಕಣದ ರೂಪದ ಕೇಕ್ ತರಿಸಿದರು, ಸಭಿಕರು ಒಪ್ಪಲಿಲ್ಲ. ಕೊನೆಗೆ ಅಂಕಣದ ಹಾಳೆಯನ್ನೇ ನೀರಿನೊಂದಿಗೆ ಮಿಕ್ಸಿಗೆ ಹಾಕಿ ಕುಡಿದರು. 2004ರ ಜನವರಿಯಲ್ಲಿ ಬಿಲ್ ಗೇಟ್ಸ್ ಎರಡು ವರ್ಷದಲ್ಲಿ ಸ್ಪ್ಯಾಮ್, ಅಂದರೆ ಬೇಡದ ಇಮೇಲ್‌ಗಳ ಕಾಟ ಮುಗಿಯುತ್ತದೆ ಎಂದರು. ಅದೇ ವರ್ಷ ಏಪ್ರಿಲ್ 1ರಂದು ಗೂಗಲ್, ಆ ಕಾಲಕ್ಕೆ ಭಾರಿ ಎನಿಸಿದ 1 ಜಿಬಿ ಜಾಗದ ಜಿಮೇಲ್ ಪ್ರಕಟಿಸಿದಾಗ ಎಷ್ಟೋ ಜನ ಏಪ್ರಿಲ್ ಫೂಲ್ ಎಂದು ನಕ್ಕರು. ಯಾವುದಕ್ಕೆ ನಗಬೇಕೋ ಅದಕ್ಕೆ ತಲೆಯಾಡಿಸಿ, ಯಾವುದನ್ನು ನಂಬಬೇಕೋ ಅದಕ್ಕೆ ನಕ್ಕ ವರ್ಷ ಅದು.

ಸಿಕ್ಕಿಬೀಳದ ವಿದ್ಯೆ ಬೇಕಿದ್ದರೆ ಮೈಲಾರದ ಕಾರಣಿಕ ಕೇಳಿಬನ್ನಿ. ಗೊರವಯ್ಯ ಬಿಲ್ಲೇರಿ "ಸದ್ದಲೇ" ಅಂದರೆ ಸಾವಿರಾರು ಜನ ಗಪ್‌ಚುಪ್. ಒಂದೇ ಸಾಲು ನುಡಿ, ಅರ್ಥ ಹಚ್ಚುವುದು ಕೇಳಿದವರ ಪಾಲು. ನಮ್ಮವರೋ ಇಪ್ಪತ್ತು ಸಾಲು ಬರೆದು, ಒಂದೊಂದಕ್ಕೂ ತಿಂಗಳು ಹಾಕಿ, ಮಾರ್ಚಿಗೇ ಸುಳ್ಳುಗಾರರೋ ಜ್ಞಾನಿಗಳೋ ಆಗಿಬಿಡುತ್ತಾರೆ. ಎರಡೂ ಅವಮಾನವೇ.

ಎಷ್ಟು ವರ್ಷವಾದರೂ ಹಳಸದ ಸಾಲು ಒಂದಿದೆ: "ಮುಂದಿನ ವರ್ಷ ಪ್ರಿಂಟರ್‌ಗಳು ಮೊದಲ ಸಲಕ್ಕೇ ಪ್ರಿಂಟ್ ಹಾಕುತ್ತವೆ." ಕಪ್ಪು ಅಕ್ಷರದ ಒಂದು ಪುಟ ಕೇಳಿದರೆ ನೀಲಿ ಇಂಕು ಖಾಲಿ ಎಂದು ಮುಷ್ಕರ ಹೂಡುವ ಜಾತಿ ಅದು. ಕಾದ ಹಾಸಿಗೆ, ಚಂದಾ ಕುಕ್ಕರ್ ಎಲ್ಲವನ್ನೂ ನಂಬಿದ ಓದುಗರು ಇಲ್ಲಿಗೆ ಬಂದಾಗ ಮಾತ್ರ "ಸುಳ್ಳಿಗೂ ಒಂದು ಮಿತಿ ಬೇಕು ಕಣ್ರೀ" ಎಂದು ಸಿಟ್ಟಾಗುತ್ತಾರೆ.