ಅಜ್ಜನ ಮಳೆ ಪುಸ್ತಕ ಗುಜರಿಗೆ ಹಾಕಬೇಡಿ

ಮೊನ್ನೆ ಪಕ್ಕದ ತೋಟದ ಮನೆ ಖಾಲಿ ಮಾಡುವಾಗ ಹಳೇ ಪೇಪರ್ ಕಟ್ಟಿನ ಜೊತೆ ನಾಲ್ಕು ಮಳೆ ಪುಸ್ತಕಗಳೂ ಗುಜರಿಗೆ ಹೋದವು. ನನಗೆ ಗೊತ್ತಾಗುವಷ್ಟರಲ್ಲಿ ಗಾಡಿ ಹೊರಟಾಗಿತ್ತು. ಎರಡು ದಿನದಿಂದ ಸಂಕಟ.

ಕೊಡಗಿನವರಿಗೆ ಮಳೆ ಪುಸ್ತಕ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಬೆಳಿಗ್ಗೆ ಎದ್ದು ಅಂಗಳದ ಮಾಪಕದ ನೀರು ಅಳೆದು, ಇಂಚು ಸೆಂಟು (ಇಂಚಿನ ನೂರರಲ್ಲೊಂದು ಪಾಲು) ಲೆಕ್ಕದಲ್ಲಿ ಬರೆದಿಡುವುದು. ನಮ್ಮ ಅಜ್ಜನ ಪುಸ್ತಕದಲ್ಲಿ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಂದ ದಿನಕ್ಕೆ ಮಾತ್ರ ಕೆಂಪು ಶಾಯಿ. ಒಂದು ಜುಲೈ ಪುಟದಲ್ಲಿ ಹನಿ ಬಿದ್ದು 3 ಇಂಚಿನ ಮುಂದಿನ ಸೆಂಟು ಅಳಿಸಿಹೋಗಿದೆ. ಕೊಡೆ ಹಿಡಿದು ಅಂಗಳದಲ್ಲೇ ನಿಂತು ಬರೆದಿರಬೇಕು.

ಆ ಮಳೆ ಬರುವುದು ಅರಬ್ಬಿ ಸಮುದ್ರದಿಂದ. ತೇವ ಹೊತ್ತ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿ ತಣ್ಣಗಾಗಿ ಇಲ್ಲಿ ಸುರಿಯುತ್ತದೆ. ಸಮುದ್ರದಲ್ಲೂ ಅಜ್ಜನ ಹಾಗೆ ಅಳೆಯುವವರಿದ್ದಾರೆ. ಆರ್ಗೋ ಅಂತ ತೇಲುವ ಯಂತ್ರಗಳು, ಪ್ರಪಂಚದ ಸಮುದ್ರಗಳಲ್ಲಿ ಸುಮಾರು 4000 ಇವೆ. ಸಾವಿರ ಮೀಟರ್ ಆಳದಲ್ಲಿ ತೇಲುತ್ತಾ ಇದ್ದು, 10 ದಿನಕ್ಕೊಮ್ಮೆ 2000 ಮೀಟರಿಗೆ ಇಳಿದು, ಅಲ್ಲಿಂದ ಮೇಲೆ ಬರುತ್ತಾ ನೀರಿನ ಬಿಸಿ, ಉಪ್ಪು ಅಳೆದು, ಉಪಗ್ರಹಕ್ಕೆ ಕಳಿಸಿ ಮತ್ತೆ ಮುಳುಗುತ್ತವೆ. ನಮ್ಮ ದೇಶದ ಯಂತ್ರಗಳನ್ನು ಹೈದರಾಬಾದಿನ ಇನ್‌ಕಾಯ್ಸ್ ಅನ್ನುವ ಸಾಗರ ಮಾಹಿತಿ ಸಂಸ್ಥೆ ನೋಡಿಕೊಳ್ಳುತ್ತದೆ. ಓದಿದಾಗ ನನಗೆ ಮೈ ಜುಮ್ಮೆಂದಿತು.

ಆದರೆ ಈ ಕೆಲಸ ಶುರುವಾಗಿದ್ದು 2000ದ ಆಸುಪಾಸಿನಲ್ಲಿ. ಅಜ್ಜ ಬರೆಯಲು ಶುರು ಮಾಡಿದ್ದು 1961ರಲ್ಲಿ!

ಈಗ ಉಪಗ್ರಹ ಇದೆಯಲ್ಲ, ಹಳೇ ಪುಸ್ತಕ ಯಾಕೆ ಅಂತ ಕೇಳುತ್ತಾರೆ. ಉಪಗ್ರಹ ಘಟ್ಟದ ಮಳೆಯನ್ನು ಎಷ್ಟೋ ಸಲ ಕಡಿಮೆ ಲೆಕ್ಕ ಹಾಕುತ್ತದೆ. ಇಲ್ಲಿನ ಮೋಡ ಜಾಸ್ತಿ ಎತ್ತರ ಬೆಳೆಯದೆಯೇ ಜೋರಾಗಿ ಸುರಿಸಿಬಿಡುತ್ತದೆ, ಮೇಲಿನಿಂದ ನೋಡುವ ಕಣ್ಣಿಗೆ ಅದು ಸರಿಯಾಗಿ ಸಿಗುವುದಿಲ್ಲ. ಮತ್ತೆ ಭಾಗಮಂಡಲದಲ್ಲಿ ಹೊಯ್ಯುತ್ತಿರುವಾಗ ಕುಶಾಲನಗರದಲ್ಲಿ ಬಟ್ಟೆ ಒಣಗುತ್ತಿರುತ್ತದೆ, ಅಲ್ವಾ? ಸಮುದ್ರ ಒಂದು ಡಿಗ್ರಿ ಬಿಸಿಯಾದರೆ ಯಾವ ಬೆಟ್ಟದ ಮೇಲೆ ಎಷ್ಟು ಇಂಚು ಹೆಚ್ಚಾಯಿತು ಅಂತ ತಿಳಿಯಬೇಕಾದರೆ ಆ ಬೆಟ್ಟದ ಕೆಳಗೆ ಐವತ್ತು ವರ್ಷ ಯಾರಾದರೂ ಅಳೆದಿರಬೇಕು. 2018ರ ಆಗಸ್ಟಿನಲ್ಲಿ ಗುಡ್ಡಗಳು ಜಾರಿದ್ದನ್ನು ಕಣ್ಣಾರೆ ನೋಡಿದವರು ನಾವು. ಹಿಂದೆ ಅಂಥ ಮಳೆ ಯಾವಾಗ ಬಂದಿತ್ತು ಅನ್ನುವುದಕ್ಕೆ ಉತ್ತರ ನಮ್ಮ ಅಟ್ಟದ ಮೇಲಿದೆ.

ದಯವಿಟ್ಟು ಹುಡುಕಿ. ಪ್ರತಿ ಪುಟದ ಫೋಟೋ ತೆಗೆಯಿರಿ. ಊರು ಯಾವುದು, ಮಾಪಕ ಎಲ್ಲಿತ್ತು, ಯಾವ ವರ್ಷ ಜಾಗ ಬದಲಾಯಿತು ಅಂತ ಮನೆಯ ಹಿರಿಯರನ್ನು ಕೇಳಿ ಪಕ್ಕದಲ್ಲೇ ಬರೆದಿಡಿ. ಸಂಶೋಧನೆ ಮಾಡುವವರಿಗೆ ಬೇಕಾಗುವುದು ಅದೇ. ನಾನು ನಿನ್ನೆ ರಾತ್ರಿ ಕೂತು 1974ರವರೆಗೆ ಮುಗಿಸಿದ್ದೇನೆ.